ಬಾಟ್ಲಿ ಬಾರಿಸೋ ಅಳಿಯನಿಗೆ

ಶಿರಸಿ

ಅಪ್ಪೀ,

ನಿನ್ನ ವಿಡಿಯೋ ನಿನ್ನೆ ರಾತ್ರಿ ನಿಮ್ಮತ್ತೆ ತೋರಿಸಿದ್ಳು. ಬಕೆಟ್ಟು, ಕುಕ್ಕರ್ ಮುಚ್ಚಳ, ಕರಟ, ಎಂಟು ಬಾಟ್ಲಿ ಎಲ್ಲ ಸಾಲಾಗಿ ಇಟ್ಕೊಂಡು ಬಾರಿಸಿದ್ದೀಯಲ್ಲ, ಎರಡು ಸಲ ನೋಡ್ದೆ. ನಿನ್ನ ಕೈಯಲ್ಲಿ ಲಯ ಇದೆ, ಅದ್ಕೇ ಈ ಪತ್ರ, ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಇಟ್ಬಿಡ್ತೀಯ.

ಸಾಮಾನು ಜಾಸ್ತಿ ಆಯ್ತು ಮಾರಾಯ. ಬಕೆಟ್ಟಲ್ಲಿ ಬಾರಿಸ್ತಾನೆ ಅಂತ ಜನ ಒಂದ್ಸಲ ಕೇಳ್ತಾರೆ, ಎರಡನೇ ಸಲ ಕೂತು ಕೇಳ್ಬೇಕಾದ್ರೆ ಶ್ರುತಿ ಬೇಕು. ಮೊದಲು ಬಾಟ್ಲಿ ಒಂದನ್ನೇ ಹಿಡ್ಕೊ. ಗಾಜಿನ ಬಾಟ್ಲಿಗೆ ಸ್ವಲ್ಪ ಸ್ವಲ್ಪ ನೀರು ಹಾಕ್ತಾ ಚಮಚದಲ್ಲಿ ತಟ್ಟು, ನೀರು ಏರಿದ ಹಾಗೆ ಸ್ವರ ಇಳೀತದೆ. ಈಗ ಅದರ ಬಾಯಿಗೆ ತುಟಿ ಇಟ್ಟು ಅಡ್ಡ ಊದು, ನೀರು ಏರಿದ ಹಾಗೆ ಸ್ವರಾನೂ ಏರ್ತದೆ. ತಟ್ಟಿದಾಗ ನಡುಗೋದು ಗಾಜು, ನೀರಿನ ಭಾರಕ್ಕೆ ಅದು ನಿಧಾನ ಆಗ್ತದೆ, ಊದಿದಾಗ ನಡುಗೋದು ಒಳಗಿನ ಗಾಳಿ, ನೀರು ಜಾಗ ತಿಂದಷ್ಟೂ ಗಾಳಿ ಗಿಡ್ಡ. ನೀನು ವಿಡಿಯೋದಲ್ಲಿ ಕೆಲವು ಬಾಟ್ಲಿ ತಟ್ಟಿ ಕೆಲವು ಊದಿದೀಯ, ಆದ್ರೆ ಎರಡಕ್ಕೂ ಒಂದೇ ಲೆಕ್ಕದಲ್ಲಿ ನೀರು ತುಂಬಿದೀಯ, ಮೇಲಿನ ಷಡ್ಜದ, ಅಂದ್ರೆ ಮೇಲಿನ ಸ ಹತ್ರ ಕಿವಿಗೆ ಚುಚ್ಚಿದ್ದು ಅದ್ಕೇ.

ನಾನೂ ಸಣ್ಣವನಿದ್ದಾಗ ಜಲತರಂಗದ ಹುಚ್ಚು ಹಿಡಿಸ್ಕೊಂಡಿದ್ದೆ. ಪಿಂಗಾಣಿ ಬಟ್ಟಲಿಗೆಲ್ಲ ನೀರಿನ ಮಟ್ಟಕ್ಕೆ ಪೇಂಟಲ್ಲಿ ಗೆರೆ ಎಳೆದು, ಕುಮಟೆಯ ಒಂದು ಮದುವೆಗೆ ದೇವಿಮನೆ ಘಟ್ಟ ಇಳಿದು ಹೋದೆ, ಗೆರೆವರೆಗೆ ನೀರು ಹಾಕಿದೆ, ಆದ್ರೆ ಬರೀ ಮೇಜಿನ ಮೇಲೆ ಇಟ್ಟಿದ್ದಕ್ಕೆ ಬಟ್ಟಲೆಲ್ಲ ಗಿರ್ ಗಿರ್ ಅಂತ ಅದುರಿ ನಾದಾನೇ ಹೊರಡಲಿಲ್ಲ. ಮನೇಲಿ ಚಾದರದ ಮೇಲೆ ಇಟ್ಟು ಅಭ್ಯಾಸ ಮಾಡಿದ್ದೆ, ಅದು ನೆನಪೇ ಆಗ್ಲಿಲ್ಲ. ಆ ದಿನದ ನಾಚಿಕೆ ಈಗ್ಲೂ ಇದೆ. ನೀನು ಎಲ್ಲೇ ಬಾರಿಸು, ಕೆಳಗೆ ಟವೆಲ್ ಮಡಿಸಿ ಹಾಕು, ಸ್ಟೀಲ್ ಚಮಚ ಬಿಟ್ಟು ತೆಳು ಬಿದಿರು ಕಡ್ಡಿ ತಗೊ.

ಇನ್ನೊಂದು, ನಮ್ಮ ಕರಾವಳಿಯ ಗುಮಟೆ ಕೈಯಲ್ಲಿ ಹಿಡಿದು ನೋಡು. ಕುಂಬಾರ ಮಾಡಿದ ಮಣ್ಣಿನ ಮಡಕೆ, ಎರಡೂ ಕಡೆ ಬಾಯಿ, ದೊಡ್ಡ ಬಾಯಿಗೆ ಚರ್ಮ, ಸಣ್ಣದು ಖಾಲಿ. ಇಲ್ಲಿನ ಹಾಲಕ್ಕಿ ಒಕ್ಕಲಿಗರು ಹೋಳಿ ಹೊತ್ತಿನ ಸುಗ್ಗಿ ಕುಣಿತದಲ್ಲಿ ಬಾರಿಸೋವಾಗ ಚರ್ಮದ ಮೇಲಿನ ಕೈ ನೋಡ್ಬೇಡ, ಎಡಗೈ ನೋಡು, ಸಣ್ಣ ಬಾಯಿ ಮುಚ್ಚಿ ತೆಗೆದು ಮುಚ್ಚಿ ತೆಗೆದು ಮಾಡ್ತದೆ, ಒಳಗಿನ ಗಾಳಿ ಬಿಗಿದು ಸಡಿಲಾಗಿ ದನಿ ಮಾತಾಡಿದ ಹಾಗೆ ಕೇಳ್ತದೆ. ನಿನ್ನ ಬಾಟ್ಲಿಲಿ ಇರೋದೂ ಅದೇ ಗಾಳಿನೇ. ಕೊಳ್ಳೋದಾದ್ರೆ ಆಡಿನ ಚರ್ಮದ್ದೇ ಕೊಳ್ಳು, ಹಳೇ ಕಾಲದಲ್ಲಿ ಉಡದ ಚರ್ಮ ಹಾಕ್ತಿದ್ರು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉಡ ಹಿಡಿಯೋದು ಕೊಲ್ಲೋದು ಅಪರಾಧ, ಅದನ್ನ ಯಾರು ಕೊಡ್ತೀನಿ ಅಂದ್ರೂ ಮುಟ್ಬೇಡ.

ಹೋಳಿ ಹೊತ್ತಿಗೆ ನಾಲ್ಕು ದಿನ ರಜೆ ಹಾಕಿ ಬಾ, ಅಂಕೋಲೆ ಕಡೆ ಕರ್ಕೊಂಡು ಹೋಗ್ತೇನೆ. ಬರೋವಾಗ ಬಾಟ್ಲಿ ಎಂಟೂ ಬೇಡ, ಸ ರಿ ಗ ಮೂರು ಸರಿ ಮಾಡ್ಕೊಂಡು ತಗೊಂಡು ಬಾ.

ನಿನ್ನ ಮಾವ