ಅಕ್ಷರಕ್ಕೆ ತಕ್ಕ ಹಲಗೆ

ಚಿ. ನಂದೀಶನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊದಲ ಆರ್ಡರ್ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಮನೆ ಹೆಸರು ಕೆತ್ತಿದ ಒರಟು ಹಲಗೆ, ಅದೂ ತೊಗಟೆ ಸಮೇತ. ಗಂಟು, ಬಿರುಕು ಜಾಸ್ತಿ ಇದ್ದಷ್ಟೂ ಚೆಂದ ಅಂತ ಬರೆದಿದ್ದೀಯ. ಅದನ್ನು ನಾನು ಒಪ್ಪುವುದಿಲ್ಲ. ಒರಟುತನ ಅಂಚಿನಲ್ಲಿರಲಿ, ಅಕ್ಷರ ಬರುವ ಜಾಗ ಮಾತ್ರ ಶುದ್ಧವಾಗಿರಲಿ. ಗಂಟಿನ ಸುತ್ತ ನಾರು ದಿಕ್ಕು ಬದಲಿಸುತ್ತದೆ. ಉಳಿ ಅಲ್ಲಿಗೆ ಬಂದ ಕೂಡಲೇ ಚಕ್ಕೆ ಏಳುತ್ತದೆ. ನಮ್ಮ ಅಕ್ಷರಗಳೋ ಬರೀ ಸುತ್ತು. ಒಂದು 'ಣ' ಕೆತ್ತುವಷ್ಟರಲ್ಲಿ ಉಳಿ ನಾರಿನ ಉದ್ದಕ್ಕೂ ಹೋಗಬೇಕು, ಅಡ್ಡಕ್ಕೂ ಹೋಗಬೇಕು. ಒತ್ತಕ್ಷರದ ಸಣ್ಣ ಸುತ್ತು ಕಿತ್ತುಬಂದರೆ ಅಂಟು ಹಾಕಿ ಮುಚ್ಚಿದರೂ ಕಾಣುತ್ತದೆ.

ಅದಕ್ಕೇ ಮೊದಲು ಅಕ್ಷರದ ಅಳತೆ ಗೊತ್ತುಮಾಡಿಕೋ, ಆಮೇಲೆ ಮರ ಹುಡುಕು. ಅಕ್ಷರ ಸಣ್ಣದಾದರೆ ಮೇಪಲ್, ಚೆರ್ರಿಯಂಥ ನಯವಾದ ನಾರಿನ ಮರ ಒಳ್ಳೆಯದು. ಓಕ್, ಆಶ್ ಗಟ್ಟಿ ಮರಗಳೇ, ಆದರೆ ರಂಧ್ರ ದೊಡ್ಡದು. ತೆಳು ಗೆರೆ ಅಲ್ಲಲ್ಲಿ ಕಳೆದುಹೋಗುತ್ತದೆ. ಅಕ್ಷರ ದಪ್ಪವಾಗಿದ್ದರೆ ಅವೂ ಸೊಗಸೇ. ಮೆದು ಮರ ಅಂತ ಹೊಸಬರು ಪೈನ್ ಹಿಡಿಯುತ್ತಾರೆ. ಮೆದು ನಿಜ, ಆದರೆ ಒಂದೇ ಸಮ ಅಲ್ಲ. ತಿಳಿ ಪಟ್ಟೆಗೆ ಉಗುರೂ ಇಳಿಯುತ್ತದೆ, ಪಕ್ಕದ ಕಂದು ಪಟ್ಟೆ ಗಟ್ಟಿ. ಹೀಗಾಗಿ ಉಳಿಯಾಗಲಿ, ಲೇಸರ್ ಆಗಲಿ, ಗೆರೆ ಒಂದೇ ಆಳಕ್ಕೆ ಇಳಿಯುವುದಿಲ್ಲ. ಫಲಕ ಮಳೆ ಬಿಸಿಲಿಗೆ ಬೀಳುವುದಾದರೆ ತೇಗವೇ ಸರಿ. ಅದರಲ್ಲಿ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ಆಗಾಗ ಮಸೆಯುತ್ತಿರು. ಲೇಸರ್‌ನಲ್ಲಿ ಸುಡುವುದಾದರೆ ವಾಲ್ನಟ್‌ನಂಥ ಕಪ್ಪು ಮರ ಬೇಡ, ಸುಟ್ಟ ಗೆರೆ ಎದ್ದು ಕಾಣುವುದಿಲ್ಲ.

ಹಲಗೆ ಒಣಗಿದೆಯಾ ಅಂತ ಮುಟ್ಟಿ ನೋಡಿ ಹೇಳಲು ಆಗಲ್ಲ. ತೇವ ಅಳೆಯುವ ಮೀಟರ್ ಒಂದು ಇಟ್ಟುಕೋ. ಮನೆಯೊಳಗೆ ಹಾಕುವ ಮರದಲ್ಲಿ ತೇವ ಶೇ. 6ರಿಂದ 12ರೊಳಗೆ ಇದ್ದರೆ ಸಾಕು. ಗಾಳಿಯಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಅಂದಾಜು ಲೆಕ್ಕ. ಹಸಿ ಹಲಗೆ ಒಣಗುತ್ತಾ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟಿಲ್ಲ. ಬೊಡ್ಡೆಯ ನಟ್ಟನಡು ಸೇರಿದ ಹಲಗೆಯಂತೂ ಬೇಡವೇ ಬೇಡ. ಅದು ಒಂದಲ್ಲ ಒಂದು ದಿನ ಸೀಳುತ್ತದೆ, ಆ ಸೀಳು ಅಕ್ಷರದ ಮಧ್ಯೆ ಬಂದರೆ ಏನು ಮಾಡುತ್ತೀ? ತೊಗಟೆ ಉಳಿಯಬೇಕು ಅಂದರೆ ಮರ ಚಿಗುರದ ಕಾಲದಲ್ಲಿ ಕಡಿದದ್ದನ್ನೇ ಕೇಳು.

ಪ್ಯಾಲೆಟ್ ಮರ, ಅಂದರೆ ಸರಕು ಪೇರಿಸಿ ಸಾಗಿಸುವ ಮರದ ಅಡಿಕಟ್ಟಿನ ಹಲಗೆ, ಸಿಕ್ಕರೆ ಅದರ ಮೇಲಿನ ಮುದ್ರೆ ನೋಡು. ಎಚ್‌ಟಿ ಅಂದರೆ ಮರದ ಒಳಗಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು, ತೊಂದರೆ ಇಲ್ಲ. ಎಂಬಿ ಅಂದರೆ ಮಿಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅಲ್ಲೇ ಬಿಟ್ಟು ಬಾ. ಹಳೇ ಬಣ್ಣದ ಹಲಗೆಯನ್ನು ಉಜ್ಜಲು ಹೋಗಬೇಡ, ಸೀಸ ಇರಬಹುದು. ಮೊಳೆ ಹುಡುಕಲು ಒಂದು ಅಯಸ್ಕಾಂತ ಆಡಿಸು.

ಹಲಗೆ ಕೊಳ್ಳುವಾಗ ಒಂದು ಗೇಣು ಜಾಸ್ತಿಯೇ ತೆಗೆದುಕೋ. ಹೆಸರಿನಲ್ಲಿರುವ ಕಷ್ಟದ ಅಕ್ಷರವನ್ನು ಆ ತುಂಡಿನ ಮೇಲೆ ಕೆತ್ತಿ, ಎಣ್ಣೆಯನ್ನೂ ಹಚ್ಚಿ ನೋಡು. ಎಣ್ಣೆ ಬಿದ್ದ ಮೇಲೆ ಬಣ್ಣ ಗಾಢವಾಗುತ್ತದೆ. ಅದು ಒಪ್ಪಿಗೆಯಾ ಅಂತ ಆರ್ಡರ್ ಕೊಟ್ಟವರನ್ನು ಮೊದಲೇ ಕೇಳಿಬಿಡು.

ಇಂತಿ,
ನಿನ್ನ ದೊಡ್ಡಪ್ಪ