18 ತುಂಬಿದೊಡನೆ ನಿಂತುಹೋಗುವ ಬ್ಯಾಂಕ್ ಖಾತೆ

ಮಾನ್ಯರೇ,

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಸೀಮೆಯ ಹಳ್ಳಿ ಮಕ್ಕಳ ವಿದ್ಯಾರ್ಥಿವೇತನ ಪದವಿಯ ಮೊದಲ ವರ್ಷದಲ್ಲೇ ಕೈತಪ್ಪುವುದುಂಟು. ಅರ್ಜಿ ಸರಿಯಿದ್ದರೂ ಖಾತೆ ಸರಿಯಿರುವುದಿಲ್ಲ. ಶಾಲೆಯಲ್ಲಿದ್ದಾಗ ಅಪ್ಪನದೋ ಅವ್ವನದೋ ಸಹಿಯಲ್ಲಿ ತೆರೆದ ಖಾತೆ ಅದು. 18 ತುಂಬಿದ ಮೇಲೆ ಪೋಷಕರ ಸಹಿ ನಡೆಯುವುದಿಲ್ಲ, ಮಕ್ಕಳ ಸಹಿ ಬ್ಯಾಂಕಿನಲ್ಲಿ ಇರುವುದಿಲ್ಲ. ಅರ್ಜಿ, ಫೋಟೊ, ಆಧಾರ್, ಪ್ಯಾನ್ ಮತ್ತು ಹೊಸ ಮಾದರಿ ಸಹಿ ಕೊಟ್ಟರೆ ಮುಗಿಯುವ ಕೆಲಸ. ಪ್ಯಾನ್ ಇಲ್ಲದವರು ಬ್ಯಾಂಕಿನಲ್ಲೇ ಸಿಗುವ ಘೋಷಣಾ ಪತ್ರ ತುಂಬಬಹುದು. ಇದನ್ನು ಹೇಳುವವರೇ ಇಲ್ಲ. ಎರಡು ವರ್ಷ ವಹಿವಾಟು ನಡೆಯದಿದ್ದರೆ ಖಾತೆ ನಿಷ್ಕ್ರಿಯವೂ ಆಗುತ್ತದೆ.

ಆಗ ಮಕ್ಕಳು ಇನ್ನೊಂದು ಬ್ಯಾಂಕಿಗೆ ಹೋಗಿ ಹೊಸ ಖಾತೆ ತೆರೆಯುತ್ತಾರೆ. ತೊಡಕು ಬಿಗಿಯಾಗುವುದು ಇಲ್ಲಿ. ವಿದ್ಯಾರ್ಥಿವೇತನದಂಥ ಆಧಾರ್ ಆಧಾರಿತ ಹಣ ಹೋಗುವುದು ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಖಾತೆ ತೆರೆಯಲು ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗದು, ಅದಕ್ಕೆ ಬೇರೆಯೇ ಒಪ್ಪಿಗೆ ಪತ್ರ ಕೊಡಬೇಕು. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ನೋಡಬಹುದು. ಆದರೆ ಆ ಒಟಿಪಿ ಹೋಗುವ ನಂಬರ್ ಬೆಂಗಳೂರಿಗೆ ದುಡಿಯಲು ಹೋದ ಅಣ್ಣನದಾಗಿದ್ದರೆ? ಮೊದಲು ನಂಬರ್ ಬದಲಿಸಿಕೊಳ್ಳಬೇಕು.

ಹೆಸರಿನ ಪಾಡು ಇನ್ನೊಂದು. ನಾಯಕನಹಟ್ಟಿಯ ಆಸುಪಾಸಿನಲ್ಲಿ ತಿಪ್ಪೇಸ್ವಾಮಿಗಳು ಬಹಳ. ಇಂಗ್ಲಿಷಿನಲ್ಲಿ ಬರೆಯುವಾಗ ಟಿ ನಂತರ ಎಚ್ ಹಾಕುವವರುಂಟು, ಬಿಡುವವರುಂಟು. ಕೊನೆಗೆ ಒಬ್ಬರು ವೈ ಬರೆದರೆ ಇನ್ನೊಬ್ಬರು ಐ. ಅಂಕಪಟ್ಟಿಗೂ ಆಧಾರ್‌ಗೂ ಹೊಂದಿಕೆಯಾಗದಿದ್ದರೆ ಅರ್ಜಿ ಅಲ್ಲೇ ನಿಂತಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಮೊದಲು ಆಧಾರ್, ಆಮೇಲೆ ಬ್ಯಾಂಕ್, ಅನಂತರ ನಾಡಕಚೇರಿಯ ಜಾತಿ, ಆದಾಯ ಪತ್ರ ತಿದ್ದಿಸಬೇಕು. ಹಿಂದುಮುಂದಾದರೆ ಎರಡೆರಡು ಸಲ ಅಲೆದಾಟ. ಆಧಾರ್‌ನಲ್ಲಿ ಹೆಸರನ್ನು 2 ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಅವಸರದಲ್ಲಿ ತಪ್ಪಾಗಿ ತಿದ್ದಿಸಿ ಆ ಅವಕಾಶ ಕಳೆದುಕೊಂಡರೆ ಬಹಳ ಕಷ್ಟ.

ಒಂದೊಂದು ಕಚೇರಿಗೂ ಒಂದು ದಿನದ ಪಾಠ ಹೋಗುತ್ತದೆ, ಜೊತೆಗೆ ಬರುವ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ. ಶೇಂಗಾ ಸುಗ್ಗಿ ಮುಗಿದಿರುವ ಜನವರಿಯಲ್ಲಿ ಹೋಬಳಿಗೊಂದು ಪದವಿಪೂರ್ವ ಕಾಲೇಜಿಗೆ ಬ್ಯಾಂಕ್ ಸಿಬ್ಬಂದಿಯನ್ನೂ ಆಧಾರ್ ಕಿಟ್ಟನ್ನೂ ಒಂದು ದಿನ ಕಳಿಸಲಿ. ಮತಗಟ್ಟೆ ಅಧಿಕಾರಿಯೂ ಬಂದರೆ 17 ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ನ್ನು ಅಲ್ಲೇ ಮುಂಗಡವಾಗಿ ಕೊಡಬಹುದು. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲಾಡಳಿತಗಳು ಈ ವರ್ಷವೇ ಇದನ್ನು ಮಾಡಬೇಕೆಂದು ಕೋರುತ್ತೇವೆ.

– ಕೆಲವು ಉಪನ್ಯಾಸಕರು, ಚಳ್ಳಕೆರೆ ತಾಲ್ಲೂಕು