ನಮ್ಮ ಕುಕೀಸ್‌ಗಳ ಬಣ್ಣ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಸಲದ ದಸರಾ ಆರ್ಡರ್‌ಗಳಿಂದ ನಮ್ಮ ಐಸಿಂಗ್ (ಸಕ್ಕರೆ ಲೇಪದ) ಕುಕೀಸ್‌ಗೆ ಬಾಟಲಿಯ ಕೃತಕ ಬಣ್ಣ ಹಾಕುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಬೀಟ್‌ರೂಟ್, ಅರಿಶಿನ, ಶಂಖಪುಷ್ಪ, ಸ್ಪಿರುಲಿನಾ, ಕೋಕೋ, ಇಷ್ಟೇ. ಇದರಿಂದ ಕೆಲವು ಬಣ್ಣಗಳು ತಿಳಿಯಾಗುತ್ತವೆ, ಒಂದೆರಡು ಸಿಗುವುದೇ ಇಲ್ಲ. ಆರ್ಡರನ್ನು ಐದು ದಿನ ಮುಂಚೆ ಕೊಡಬೇಕು. ಬೆಲೆಯೂ ಸ್ವಲ್ಪ ಜಾಸ್ತಿ. ಮೊಬೈಲ್‌ನಲ್ಲಿ ಫೋಟೋ ಕಳಿಸಿ "ನಮಗೆ ಹೀಗೇ ಬೇಕು" ಎನ್ನುವವರು ದಯವಿಟ್ಟು ಪತ್ರವನ್ನು ಪೂರ್ತಿ ಓದಿ.

ಯಾಕೆ ಈ ಬದಲಾವಣೆ? 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ರೋಡಮೈನ್-ಬಿ ಬೆರೆಸಿದ ಬಾಂಬೆ ಮಿಠಾಯಿಯೂ ಬಂದ್ ಆಯಿತು. ಜೂನ್‌ನಲ್ಲಿ ಕಬಾಬ್ ಸರದಿ. ಅಲ್ಲಿಂದ ಆಚೆಗೆ ಬಾಕ್ಸ್ ತೆಗೆದುಕೊಳ್ಳಲು ಬಂದ ಅಪ್ಪ ಅಮ್ಮಂದಿರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಇದಕ್ಕೆ ಯಾವ ಬಣ್ಣ ಹಾಕಿದ್ದೀರಿ?" ಕೇಳಲೇಬೇಕಾದ ಪ್ರಶ್ನೆ, ಬಿಡಿ. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ತಿಂಡಿಗೆ ಅದಕ್ಕೆ ಯಾವತ್ತೂ ಅನುಮತಿ ಇರಲಿಲ್ಲ. ನಾವು ಬಳಸುತ್ತಿದ್ದುದು ಕಾನೂನು ಒಪ್ಪಿದ ಬಣ್ಣಗಳನ್ನೇ. ಆದರೆ ಅವುಗಳಿಗೂ ಮಿತಿ ಇದೆ. ಬಿಸ್ಕತ್ತು, ಮಿಠಾಯಿಯಂಥ ತಿಂಡಿಗಳಲ್ಲಿ ಕೆಜಿಗೆ 100 ಮಿಲಿಗ್ರಾಂ ದಾಟುವಂತಿಲ್ಲ.

ತೊಂದರೆ ಶುರುವಾಗುವುದು ಇಲ್ಲೇ. ಐಸಿಂಗ್ ಎಂದರೆ ಬಹುಪಾಲು ಸಕ್ಕರೆ ಪುಡಿ. ಅಚ್ಚ ಬಿಳಿ. ಅದಕ್ಕೆ ಗುಲಾಬಿ ಬರಿಸಲು ಒಂದು ತೊಟ್ಟು ಸಾಕು. ಗಾಢ ಕೆಂಪು ಅಥವಾ ಕಪ್ಪು ಬರಿಸಲು ಹಾಕುತ್ತಲೇ ಇರಬೇಕು. ಕೊನೆಗೆ ಐಸಿಂಗ್ ಕಹಿಯಾಗುತ್ತದೆ, ತಿಂದ ಮಗುವಿನ ನಾಲಿಗೆ ತುಟಿ ಎಲ್ಲ ಬಣ್ಣ. ನಾವು ಮಿತಿಯೊಳಗೇ ಇರುತ್ತಿದ್ದುದರಿಂದ ನಮ್ಮ ಕೆಂಪು ನೀವು ಕಳಿಸುವ ಫೋಟೋದಷ್ಟು ಕೆಂಪಾಗಿ ಇರುತ್ತಿರಲಿಲ್ಲ. ಅದಕ್ಕೆ ಬೈಸಿಕೊಂಡಿದ್ದೂ ಇದೆ. ಹೇಗೂ ಗಾಢ ಬಣ್ಣ ಕೊಡಲು ಆಗುವುದಿಲ್ಲ ಅಂದಮೇಲೆ, ತಿಳಿ ಬಣ್ಣಗಳನ್ನು ಬಾಟಲಿಯಿಂದ ಯಾಕೆ ತರಬೇಕು ಅನ್ನಿಸಿತು.

ಈಗ ಯಾವ ಬಣ್ಣ ಹೇಗೆ ಬರುತ್ತದೆ ಎಂದು ಹೇಳುತ್ತೇವೆ. ಹಳದಿಗೆ ಚಿಂತೆಯಿಲ್ಲ. ಅರಿಶಿನ ಚಿಟಿಕೆಯಷ್ಟು ಹಾಕಿದರೆ ಸಾಕು, ರುಚಿ ಗೊತ್ತಾಗುವುದಿಲ್ಲ. ಕಂದು ಬಣ್ಣಕ್ಕೆ ಕೋಕೋ. ಅದು ಎಲ್ಲಕ್ಕಿಂತ ಸುಲಭ, ಎಲ್ಲರಿಗೂ ಇಷ್ಟ. ಹಸಿರಿಗೆ ಅರಿಶಿನದ ಜೊತೆ ಚೂರು ಸ್ಪಿರುಲಿನಾ. ಪಾಚಿ ಎಂದು ಮೂಗು ಮುರಿಯಬೇಡಿ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಅದರಲ್ಲಿ ಚಿಕ್ಕಿಯನ್ನೇ ಮಾಡಿದ್ದಾರೆ. ಜಾಸ್ತಿ ಹಾಕಿದರೆ ಮಾತ್ರ ವಾಸನೆ ಬರುತ್ತದೆ, ಆದ್ದರಿಂದ ಕಡು ಹಸಿರು ಕೇಳಬೇಡಿ.

ನೀಲಿಯದು ಮಜಾ. ಶಂಖಪುಷ್ಪದ ಹೂವು ನೆನೆಸಿದ ನೀರು ಒಳ್ಳೆಯ ನೀಲಿ ಕೊಡುತ್ತದೆ. ಆದರೆ ನಿಂಬೆರಸ ತಾಗಿದ ಕೂಡಲೇ ನೇರಳೆಗೆ ತಿರುಗುತ್ತದೆ. ನಾವು ಐಸಿಂಗ್‌ಗೆ ಮಾಮೂಲಾಗಿ ನಿಂಬೆರಸ ಹಾಕುತ್ತೇವೆ. ಹಾಗಾಗಿ ಒಂದೇ ಹೂವಿನಿಂದ ಎರಡು ಬಣ್ಣ ಸಿಕ್ಕಂತಾಯಿತು: ನಿಂಬೆ ಹಾಕದಿದ್ದರೆ ನೀಲಿ, ಹಾಕಿದರೆ ನೇರಳೆ. ಸಮುದ್ರ, ರಾಕೆಟ್, ಯೂನಿಕಾರ್ನ್ ಥೀಮ್ ಕೇಳುವವರಿಗೆ ಇದು ಲಾಭವೇ.

ಇನ್ನು ಕೆಂಪು. ಬೀಟ್‌ರೂಟ್ ಪುಡಿಯಿಂದ ಚೆಂದದ ಗುಲಾಬಿ ಬರುತ್ತದೆ. ಅರಿಶಿನ ಸೇರಿಸಿದರೆ ಇಟ್ಟಿಗೆ ಬಣ್ಣದವರೆಗೆ ಹೋಗಬಹುದು. ಅಚ್ಚ ಕೆಂಪು ಮಾತ್ರ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಎಂದು ಹಲವರು ಹೇಳಿದರು. ಒಳ್ಳೆಯ ಯೋಚನೆಯೇ. ಖಾರ ಕಡಿಮೆ, ಬಣ್ಣ ಜಾಸ್ತಿ ಎಂದೇ ಅದಕ್ಕೆ ಹೆಸರು, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಆದರೆ ಅದರ ಕೆಂಪು ಬಿಡುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಐಸಿಂಗ್‌ಗೂ ಎಣ್ಣೆಗೂ ಆಗಿಬರುವುದಿಲ್ಲ. ಜಿಡ್ಡು ಸೋಕಿದರೆ ಅದರಲ್ಲಿರುವ ಮೊಟ್ಟೆಯ ಬಿಳಿಯ ನೊರೆ ಕುಸಿದು ಕೂರುತ್ತದೆ. ಮೇಲೆ ಸಾರಿನ ಪುಡಿಯ ಘಮ ಬೇರೆ! ಒಬ್ಬ ಅಜ್ಜಿಯವರು, "ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗಲ್ವೇನಮ್ಮಾ, ಆರತಿ ನೀರಿಗೆ ಮಾಡಲ್ವಾ" ಎಂದರು. ನಿಜ, ಆಗುತ್ತದೆ. ಆದರೆ ಐಸಿಂಗ್‌ನ ನಿಂಬೆರಸ ಅದನ್ನು ಮತ್ತೆ ಹಳದಿ ಮಾಡುತ್ತದೆ. ಅಲ್ಲದೆ ಮಕ್ಕಳು ತಿನ್ನುವುದಕ್ಕೆ ಸುಣ್ಣ ಹಾಕಲು ನಮಗೆ ಮನಸ್ಸಿಲ್ಲ.

ಆದ್ದರಿಂದ ನವೆಂಬರ್ 1ಕ್ಕೆ ಹಳದಿ-ಕೆಂಪು ಬಾವುಟದ ಕುಕೀಸ್ ಮಾಡುವುದಿಲ್ಲ. ಆಫೀಸುಗಳಿಂದ ಇದಕ್ಕೆ ಒಳ್ಳೆಯ ಆರ್ಡರ್ ಬರುತ್ತಿತ್ತು, ಹೋಗುತ್ತದೆ ಅಂತ ಗೊತ್ತು. ಆದರೂ ಬಾವುಟದ ಕೆಂಪು ಕೆಂಪಾಗಿಯೇ ಇರಬೇಕು, ಗುಲಾಬಿ ಬಾವುಟ ಯಾರಿಗೆ ಬೇಕು? ಅದರ ಬದಲು ಕರ್ನಾಟಕದ ನಕ್ಷೆ, ಮತ್ತು ಹಳದಿಯ ಮೇಲೆ ಕೋಕೋದಲ್ಲಿ ಬರೆದ ಕನ್ನಡ ಅಕ್ಷರಗಳನ್ನು ಮಾಡುತ್ತೇವೆ. ನಿಮ್ಮ ತಂಡದವರ ಹೆಸರನ್ನೂ ಬರೆಸಿಕೊಳ್ಳಬಹುದು. ಒತ್ತಕ್ಷರ ಜಾಸ್ತಿ ಇರುವ ಹೆಸರಿಗೆ ದೊಡ್ಡ ಕುಕೀ ಬೇಕಾಗುತ್ತದೆ, ಅಷ್ಟೇ. ಕ್ರಿಸ್‌ಮಸ್ ತಾತನ ಅಂಗಿ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ನಕ್ಷತ್ರ, ಗಂಟೆ, ಹಿಮದ ಬೊಂಬೆ ಮೊದಲಿನಂತೆಯೇ.

ದಸರಾ ಆನೆಗೆ ಏನೂ ಕಷ್ಟವಿಲ್ಲ. ಮೈಗೆ ಕೋಕೋ, ಅಂಬಾರಿಗೆ ಅರಿಶಿನ, ಜೂಲಿಗೆ ನೇರಳೆ ಮತ್ತು ಗುಲಾಬಿ. ನಮಗಂತೂ ಮೊದಲಿನ ಆನೆಗಿಂತ ಇದೇ ಹಿಡಿಸಿತು. ಸಂಕ್ರಾಂತಿಗೆ ಕಬ್ಬು, ಮಡಕೆ, ಹಸು. ಹೇಗೂ ಸಕ್ಕರೆ ಅಚ್ಚು ತಿಳಿ ಬಣ್ಣದಲ್ಲೇ ಚೆಂದ ಅಲ್ವಾ, ಅದರ ಪಕ್ಕದಲ್ಲಿ ಇವು ಹೊಂದಿಕೊಳ್ಳುತ್ತವೆ. ಹುಟ್ಟುಹಬ್ಬಕ್ಕೆ ಕೆಂಪು ರೇಸ್ ಕಾರು ಕೇಳುವವರಿಗೆ ಹಳದಿ ಕಾರು ಸಿಗುತ್ತದೆ. ಬಣ್ಣಕ್ಕೆ ಹಟ ಮಾಡುವವರು ಸಾಮಾನ್ಯವಾಗಿ ಮಕ್ಕಳಲ್ಲ. ಮಕ್ಕಳು ಡೈನೋಸಾರ್‌ನ ಹಲ್ಲು ಎಣಿಸುತ್ತಾರೆ.

ಐದು ದಿನ ಯಾಕೆ ಎಂದರೆ, ಐಸಿಂಗ್ ಒಣಗಲು. ಮೊದಲು ಬೇಯಿಸಿದ ಕುಕೀ ಪೂರ್ತಿ ಆರಬೇಕು, ಇಲ್ಲದಿದ್ದರೆ ಬೆಣ್ಣೆ ಮೇಲೆ ಬಂದು ಐಸಿಂಗ್‌ನಲ್ಲಿ ಕಲೆ ಕೂರುತ್ತದೆ. ಆಮೇಲೆ ಮೆಹಂದಿ ಕೋನ್‌ನಂಥ ಕೋನ್‌ನಲ್ಲಿ ಗಟ್ಟಿ ಐಸಿಂಗ್ ತುಂಬಿ ಅಂಚು ಎಳೆಯುತ್ತೇವೆ. ಅಂಚಿನ ಒಳಗೆ ತೆಳು ಐಸಿಂಗ್ ಸುರಿದು ಸೂಜಿಯಿಂದ ಮೂಲೆಗೆ ತಳ್ಳುತ್ತೇವೆ. ಈ ಪದರ ಒಣಗಲು ಫ್ಯಾನ್ ಕೆಳಗೆ ಒಂದು ರಾತ್ರಿ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕಣ್ಣು, ಮೂಗು, ಹೆಸರು ಎಲ್ಲ ಅದರ ಮೇಲೆ. ಬೀಟ್‌ರೂಟ್ ಪಕ್ಕದ ಬಿಳಿಗೆ ಬೇಗ ಹರಡುತ್ತದೆ. ಅದಕ್ಕೇ ಈಗ ಒಂದೊಂದು ಬಣ್ಣವನ್ನೂ ಒಣಗಿಸಿಯೇ ಮುಂದಿನದಕ್ಕೆ ಹೋಗುತ್ತಿದ್ದೇವೆ. ಹಿಂದಿನ ಮೂರು ದಿನದ ಗಡುವಿನಲ್ಲಿ ಇದು ಆಗುವ ಕೆಲಸವಲ್ಲ. "ನಾಳೆ ಸಂಜೆಗೆ ಹೇಗಾದರೂ ಮಾಡಿಕೊಡಿ" ಎನ್ನುವವರಿಗೆ ಐಸಿಂಗ್ ಇಲ್ಲದ ಬೆಣ್ಣೆ ಬಿಸ್ಕತ್ತು ಯಾವಾಗಲೂ ಇದೆ.

ಮನೆಗೆ ಒಯ್ದ ಮೇಲೆ ಬಿಸಿಲು ತಾಗಿಸಬೇಡಿ. ಅರಿಶಿನ ಮತ್ತು ಬೀಟ್‌ರೂಟ್ ಬೆಳಕಿಗೆ ಬಿಳಿಚಿಕೊಳ್ಳುತ್ತವೆ. ಅದಕ್ಕೇ ಪಾರದರ್ಶಕ ಮುಚ್ಚಳದ ಬಾಕ್ಸ್ ಬಿಟ್ಟು ಪೂರ್ತಿ ಮುಚ್ಚಿದ ರಟ್ಟಿನ ಡಬ್ಬಿ ಕೊಡುತ್ತಿದ್ದೇವೆ. ಫ್ರಿಜ್‌ನಲ್ಲಿ ಖಂಡಿತ ಇಡಬೇಡಿ. ಹೊರಗೆ ತೆಗೆದಾಗ ನೀರು ಬೆವತು ಬಣ್ಣ ಇಳಿಯುತ್ತದೆ.

ಒಂದು ಕುಕೀಗೆ 10 ರೂಪಾಯಿ ಹೆಚ್ಚಾಗುತ್ತದೆ. ಪುಡಿಗಳ ಬೆಲೆಗಿಂತ ಇದು ಹೆಚ್ಚಾಗಿ ಕೈಕೆಲಸದ ಸಮಯಕ್ಕೆ. ಮೊಟ್ಟೆ ಬೇಡ ಎನ್ನುವವರಿಗೆ ಎಂದಿನಂತೆ ಕಾಬೂಲ್ ಕಡಲೆ ಬೇಯಿಸಿದ ನೀರಿನ ಐಸಿಂಗ್ ಇದೆ. ಅದಕ್ಕೆ ಬೇರೆ ದರವಿಲ್ಲ.

ಇನ್ನೊಂದು ಮಾತು. ಬಣ್ಣ ತರಕಾರಿಯದು ಎಂದ ಮಾತ್ರಕ್ಕೆ ಇದು ಆರೋಗ್ಯದ ತಿಂಡಿ ಎಂದು ನಾವು ಬೋರ್ಡ್ ಹಾಕುವುದಿಲ್ಲ. ಸಕ್ಕರೆ ಮೊದಲಿನಷ್ಟೇ ಇದೆ. ಶುಗರ್ ಇರುವವರು "ಬೀಟ್‌ರೂಟ್ ತಾನೇ" ಎಂದು ಎರಡು ಜಾಸ್ತಿ ತಿನ್ನಬೇಡಿ.

ಈಗಾಗಲೇ ಮುಂಗಡ ಕೊಟ್ಟಿರುವವರಿಗೆ ಹಳೆಯ ಬಣ್ಣ, ಹಳೆಯ ದರದಲ್ಲೇ ಮಾಡಿಕೊಡುತ್ತೇವೆ. ಹೊಸದು ಬೇಕೆಂದರೆ ಫೋನ್ ಮಾಡಿ, ಅದೇ ದುಡ್ಡಿಗೆ ಬದಲಿಸುತ್ತೇವೆ. ಎರಡೂ ಬೇಡ ಎಂದರೆ ಮುಂಗಡ ವಾಪಸ್. ಆರು ಬಣ್ಣದ ಮಾದರಿ ಕುಕೀಸ್ ಅಂಗಡಿಯಲ್ಲಿ ಇಟ್ಟಿದ್ದೇವೆ. ದೊಡ್ಡ ಆರ್ಡರ್ ಇದ್ದರೆ ಮೊದಲು ಬಂದು ಅವನ್ನು ಹಗಲು ಬೆಳಕಿನಲ್ಲಿ ನೋಡಿ. ಮೊಬೈಲ್ ಫೋಟೋ ನೋಡಿ ತೀರ್ಮಾನಿಸಬೇಡಿ. ದಸರಾ ಆನೆಗಳ ಆರ್ಡರ್ ಸೋಮವಾರದಿಂದ ಬರೆದುಕೊಳ್ಳುತ್ತೇವೆ.

ಇಂತಿ,
ನಿಮ್ಮ ಕುಕೀಸ್ ಅಡುಗೆಮನೆಯವರು
ಮೈಸೂರು